ಸಾವಂತ್ರವ್ವನಿಗೆ ಕಟ್ಟು ಹಾಕಿಸಿದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಫೋಟೊ ಸ್ಟುಡಿಯೊ ಇಟ್ಟಿದ್ದ ತುಂಗವ್ವನಿಗೆ ಒಬ್ಬನೇ ಮಗ, ಮೈಲಾರಿ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಕಲಿತಿದ್ದ, ಬುದ್ಧಿ ಮಾತ್ರ ಕಲಿತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಪಕ್ಕದ ಓಣಿಯ ಕಾಶವ್ವನ ತಾಯಿ ಸಾವಂತ್ರವ್ವ ತೀರಿಕೊಂಡಳು. ಅವಳದು ಇದ್ದದ್ದೇ ಒಂದು ಫೋಟೊ, ಅದೂ ತುಂಗವ್ವನ ಹಳೇ ಕಂಪ್ಯೂಟರಿನಲ್ಲಿ. ಪ್ರಿಂಟರ್ ಕೂಡುವುದು ಹೊಸ ಕಂಪ್ಯೂಟರಿಗೆ. ಹಳೆಯದರ ಆಪರೇಟಿಂಗ್ ಸಿಸ್ಟಂ ಬೇರೆ, ಹೊಸದರದು ಬೇರೆ. ಹದಿಮೂರನೇ ದಿನಕ್ಕೆ ಫೋಟೊಗೆ ಗಾಜಿನ ಕಟ್ಟು ಹಾಕಿಸಿ ಕೊಡುತ್ತೇನೆಂದು ತುಂಗವ್ವ ಮಾತು ಕೊಟ್ಟಳು.

“ಎಲ್ಲಾರ ಫೋಟೊನೂ ಹೊಸದಕ್ಕ ಸಾಗಿಸೋ ಮಗನ!”

ಮೈಲಾರಿ ಪ್ರೋಗ್ರಾಂ ಬರೆದ, ಸಾಗಿಸಿದ. ಹೊಸದರಲ್ಲಿ ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನೆಚಿಹ್ನೆ!

“ಅಯ್ಯ ಹುಚ್ಚಪ್ಯಾಲಿ! ಅದಕ್ಕ ತಿಳೀಲಾರದ್ದನ್ನ ಮೊದಲ ತಗೀಬೇಕಪಾ!”

“ಆತ ಬೇ ಯವ್ವಾ.”

ತೆಗೆದ. ಕನ್ನಡದ ಅಕ್ಷರಗಳನ್ನೆಲ್ಲ ತೆಗೆದ. ಹನ್ನೆರಡು ಸಾವಿರ ಫೋಟೊಗಳಿಗೂ ಒಂದೇ ಬೋಳು ಹೆಸರಾಯಿತು, ಬರೀ ‘.jpg’ ಅನ್ನುವ ಬಾಲ. ಆಮೇಲೆ ಬಂದದ್ದು ಮೊದಲು ಬಂದದ್ದನ್ನು ಅಳಿಸುತ್ತ ಅಳಿಸುತ್ತ, ಕೊನೆಗೆ ಉಳಿದವನು ಹಾಲು ಮಾರುವ ಹನುಮ ಒಬ್ಬನೇ. ಪುಣ್ಯಕ್ಕೆ ಹಳೆಯದರಲ್ಲಿ ಎಲ್ಲ ಹಾಗೇ ಇದ್ದವು.

“ಖೋಡಿ! ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ನಂಬರ್ ಆದರೂ ಕೊಡಬಾರದ?”

“ಆತ ಬೇ ಯವ್ವಾ.”

ಕೊಟ್ಟ. ಒಂದರಿಂದ ಹನ್ನೆರಡು ಸಾವಿರ. ಅಷ್ಟರಲ್ಲಿ ಕಾಶವ್ವ ಬಂದಳು.

“ನಮ್ಮವ್ವ ಎಲ್ಲದಾಳೋ ತಮ್ಮಾ?”

“ನಂಬರ್ ಹೇಳ್ರಿ ಅತ್ತಿ.”

“ಹೆತ್ತವ್ವಗ ಎಂಥಾ ನಂಬರೋ!” ಕಾಶವ್ವ ಕಣ್ಣಿಗೆ ಸೆರಗು ಹಚ್ಚಿದಳು. ತುಂಗವ್ವ ನಾಚಿಕೆಯಿಂದ ಹಿಡಿಯಷ್ಟಾದಳು. ಕಾಶವ್ವ ಹೋದ ಮೇಲೆ ಮಗನನ್ನು ಹಿಡಿದುಕೊಂಡಳು.

“ನನ್ನ ಮಾನ ಕಳದ್ಯಲ್ಲೋ! ಮನಷ್ಯಾರಿಗೆ ಹೆಸರ ಮುಖ್ಯ. ಹೆಸರ ಓದುವಾಗ, ಬರಿಯುವಾಗ, ಇದು ಕನ್ನಡ ತಿಳಿಯೂ ಯುನಿಕೋಡ್ ಅಂತ ಪ್ರೋಗ್ರಾಮಿನ್ಯಾಗ ಹಾಕು. ಹೆಸರಿಂದು ಒಂದಕ್ಷರ ಕೆಡಬಾರದು. ಹೆಸರ ನೋಡು, ಬ್ಯಾರೆ ಏನೂ ನೋಡಬ್ಯಾಡ!”

ಈ ಸಲ ಗೆದ್ದ! ಎರಡೂ ಕಂಪ್ಯೂಟರಿನಲ್ಲಿ ಹೆಸರುಗಳು ಇದ್ದ ಹಾಗೇ ಬಂದವು. ತುಂಗವ್ವನ ಹೊಟ್ಟೆ ತಣ್ಣಗಾಯಿತು. “ಇನ್ನ ಸಾವಂತ್ರವ್ವಂದು ಪ್ರಿಂಟ್ ತಗದು ಕಟ್ಟು ಹಾಕಿಸಿಕೊಂಡು ಬಾ” ಎಂದು ಹೇಳಿ, ಅಡಿಗೆಗೆ ಕೈಜೋಡಿಸಲು ಕಾಶವ್ವನ ಮನೆಗೆ ಹೋದಳು.

ಹದಿಮೂರನೇ ದಿನ. ಬೀಗರು, ನೆಂಟರು ತುಂಬಿದ್ದರು. ಮೈಲಾರಿ ಬಟ್ಟೆ ಸುತ್ತಿದ ಕಟ್ಟನ್ನು ಮಣೆಯ ಮೇಲಿಟ್ಟ. ಕಾಶವ್ವ ಹಾರ ಹಿಡಿದುಕೊಂಡು ಬಟ್ಟೆ ಸರಿಸಿದಳು. ಗಾಜಿನ ಹಿಂದೆ, ಬಿಳೀ ಕಾಗದದ ಮೇಲೆ, ದಪ್ಪ ದಪ್ಪ ಅಕ್ಷರದಲ್ಲಿ: ‘ಸಾವಂತ್ರವ್ವ.jpg’.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ತುಂಗವ್ವನಿಗೆ.

“ಮುಖ ಎಲ್ಲೋ?”

“ಬ್ಯಾರೆ ಏನೂ ನೋಡಬ್ಯಾಡ ಅಂದಿದ್ಯಲ್ಲ! ನೋಡು ಬೇ, ಒಂದಕ್ಷರ ಕೆಟ್ಟಿಲ್ಲ!”

ತುಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಶವ್ವ ಹಾರ ಹಿಡಿದವಳು ಹಿಡಿದಂತೇ ನಿಂತಿದ್ದಳು. ಮೈಲಾರಿ ಮುಂದೆ ಬಂದು ಮೆಲ್ಲಗೆ ಹೇಳಿದ:

“ಹಾರ ಹಗೂರಕ ಹಾಕ್ರಿ ಅತ್ತಿ, ಜೆಪಿಜಿ ಮುಚ್ಚೀತು!”