ಸಿಪ್ರಿಯನ್ ಮಾಸ್ಟ್ರ ಸನ್ಮಾನ

ಹೊಳೆದಂಡೆಯ ಆಶ್ರಮದಲ್ಲಿ ಕೊಳಲು ಕಲಿಯುತ್ತಿದ್ದ ವಾಮನನಿಗೆ ಹಳೆಯ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು.

ಜಾಜ್ ಸಂಗೀತ, ಸ್ಯಾಕ್ಸೋಫೋನಿನಲ್ಲಿ. ಊದುತ್ತಿದ್ದವರು ಪ್ರತಿ ಸಾಲಿನ ಕೊನೆಯ ಸ್ವರವನ್ನು ಊದದೆ ಬಿಡುತ್ತಿದ್ದರು. ಬಿಟ್ಟ ಸ್ವರ ಕೇಳುವವನ ಎದೆಯಲ್ಲಿ ತಾನಾಗಿಯೇ ಮೂಡುತ್ತಿತ್ತು.

ವಾಮನ ಗುರುಗಳ ಬಳಿ ಓಡಿದ. “ಯಾರು ಗುರುಗಳೇ ಇದು?”

“ಸಿಪ್ರಿಯನ್ ಮಾಸ್ಟ್ರು. ಹೊಳೆಯಾಚೆ ಇದ್ದಾರೆ. ಹಾಡು ಮುಗಿಸ್ಲಿಕ್ಕೆ ಬರುವುದಿಲ್ಲ ಅಂತ ಬ್ಯಾಂಡಿನವರು ಹೊರಗೆ ಹಾಕಿದ್ರು. ಮೂವತ್ತು ವರ್ಷ ಆಯ್ತು. ಮತ್ತೆ ಯಾರೂ ಕರೀಲಿಲ್ಲ.”

ವಾಮನನ ಮೈಯೆಲ್ಲ ಉರಿಯಿತು. “ಈ ಊರಿನವರಿಗೆ ಇರೋದು ಕಿವಿಯೋ, ಬರೀ ತೂತೋ?”

“ಹೋಗಿ ಅವರು ಊದುವುದನ್ನು ಕೇಳಿ ಬಾ” ಎಂದರು ಗುರುಗಳು.

ವಾಮನ ದೋಣಿಯಲ್ಲಿ ಹೊಳೆ ದಾಟಿ ಹೋದ. ತಮ್ಮ ಕ್ಯಾಸೆಟ್ಟನ್ನು ಒಬ್ಬ ಹುಡುಗ ಕೇಳಿದನೆಂದು ತಿಳಿದದ್ದೇ ಮುದುಕರ ಕೈ ಸ್ಯಾಕ್ಸೋಫೋನಿನ ಪೆಟ್ಟಿಗೆಯ ಕಡೆಗೆ ಹೋಯಿತು.

“ಇಲ್ಲಿ ಬೇಡ ಮಾಸ್ಟ್ರೇ! ನಿಮಗೆ ದೊಡ್ಡ ಸನ್ಮಾನ ಮಾಡಿಸ್ತೇನೆ. ಊರಿನವರ ಮುಖಕ್ಕೆ ಹೊಡೆದ ಹಾಗೆ ಆಗ್ಬೇಕು.”

“ಸನ್ಮಾನ ಎಲ್ಲ ಯಾಕೆ ಮಗಾ? ಜನರ ಎದುರು ಒಮ್ಮೆ ಊದಿದ್ರೆ ಸಾಕು. ಈ ಎದೆಯಲ್ಲಿ ಇನ್ನು ಹೆಚ್ಚು ಗಾಳಿ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ.”

ಮುಂದಿನ ಭಾನುವಾರ ಆಶ್ರಮದ ಅಂಗಳದಲ್ಲಿ ಶಾಮಿಯಾನ ಎದ್ದಿತು. ಮಾಸ್ಟ್ರು ಸ್ಯಾಕ್ಸೋಫೋನನ್ನು ಕೊರಳಿಗೆ ತೂಗುಹಾಕಿಕೊಂಡೇ ಬಂದರು.

ಅದರ ಮೇಲೆ ಹಾರ ಬಿತ್ತು. ಹಾರದ ಮೇಲೆ ಶಾಲು. ತಲೆಗೆ ಇಟ್ಟ ಪೇಟ ಹುಬ್ಬಿನವರೆಗೆ ಜಾರಿತು. ಎರಡೂ ಕೈಗೆ ಹಣ್ಣಿನ ತಟ್ಟೆ ಕೊಟ್ಟು ಫೋಟೋ ತೆಗೆದರು. ತಟ್ಟೆಯನ್ನು ವಾಪಸು ತೆಗೆದುಕೊಳ್ಳಬೇಕೆಂದು ವೇದಿಕೆಯ ಮೇಲಿದ್ದ ಮಹನೀಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಭಾಷಣ. ಅಧ್ಯಕ್ಷರದ್ದು, ಉಪಾಧ್ಯಕ್ಷರದ್ದು, ಯಾರೋ ಹಿತೈಷಿಗಳದ್ದು. ಎಲ್ಲರಿಗಿಂತ ಉದ್ದದ್ದು ವಾಮನನದ್ದೇ. ಊರು ಮಾಡಿದ ಅನ್ಯಾಯವನ್ನು ಮುಕ್ಕಾಲು ಗಂಟೆ ಎಳೆಎಳೆಯಾಗಿ ಬಿಡಿಸಿಟ್ಟ.

“ಊದ್ಲಾ ಮಗಾ?” ಎಂದು ಮಾಸ್ಟ್ರು ಮೂರು ಸಲ ಕೇಳಿದರು.

“ಇನ್ನೊಂದು ಭಾಷಣ ಮಾಸ್ಟ್ರೇ, ಆಯ್ತು” ಎಂದು ವಾಮನ ಮೂರು ಸಲ ಹೇಳಿದ.

ಹೊತ್ತು ಮುಳುಗಿತು. ಕೊನೆಯ ದೋಣಿಯವನು ಕೂಗು ಹಾಕಿದ. ಮಾಸ್ಟ್ರು ತಟ್ಟೆಯನ್ನು ಕೆಳಗಿಟ್ಟು, ಶಾಲು ಮಡಚಿ, ಹಾರ, ಪೇಟಗಳನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದರು. ವಾಮನ ಆಗ ಮೈಕಿನವನಿಗೆ ಬೈಯುತ್ತಿದ್ದ.

ಖಾಲಿ ಕುರ್ಚಿ ಕಂಡದ್ದೇ ತಡ, ಅವನು ಕೆಂಡವಾದ.

“ನೋಡಿದ್ರಾ ಗುರುಗಳೇ? ಆ ಅಧ್ಯಕ್ಷರು ಬಾಯಿ ಮುಚ್ಚಲಿಲ್ಲ! ಜನ ಊಟಕ್ಕೆ ಎದ್ದು ಹೋದ್ರು! ಒಬ್ಬರಿಗಾದ್ರೂ ಅವರ ಸಂಗೀತ ಬೇಕಿತ್ತಾ? ನಾಚಿಕೆ ಇಲ್ಲದ ಊರು!”

ಗುರುಗಳು ಹತ್ತಿರ ಬಂದರು. ಕುರ್ಚಿಯ ಮೇಲಿದ್ದ ಹಾರವನ್ನು ವಾಮನನ ಕೊರಳಿಗೆ ಹಾಕಿದರು. ಶಾಲನ್ನು ತೋಳು ಸೇರಿಸಿ ಬಿಗಿಯಾಗಿ ಸುತ್ತಿದರು. ಪೇಟ ಇಟ್ಟರು. ಹಣ್ಣಿನ ತಟ್ಟೆಯನ್ನು ಕೈಗೆ ಕೊಟ್ಟು, ಹಣ್ಣಿನ ಮೇಲೆ ಅವನ ಕೊಳಲನ್ನು ಇಟ್ಟರು.

“ಊದು.”

ವಾಮನ ಕೊಸರಾಡಿದ. ತಟ್ಟೆ ವಾಲಿ ಎರಡು ಮೂಸಂಬಿ ಉರುಳಿದವು.

“ಹೇಗೆ ಊದಲಿ ಗುರುಗಳೇ? ಕೈಯೇ ಏಳ್ತಾ ಇಲ್ಲ.”

ಗುರುಗಳ ದನಿ ಸಿಟ್ಟಿನಿಂದ ನಡುಗುತ್ತಿತ್ತು.

“ಊರು ಅವರನ್ನು ಮರೆತಿತ್ತು, ಅಷ್ಟೇ. ಕೈ ಕಟ್ಟಿಹಾಕಿರಲಿಲ್ಲ.”