ನಾದ ನಿಲ್ಲುವ ತನಕ

"ಗುರುಗಳೇ, ಅರ್ಧ ಆಯುಷ್ಯ ಸವೆಸಿ ನಾನು ಕಲಿತ ಕೆಲಸವನ್ನು ಕಡಲಾಚೆ ಕೂತವನೊಬ್ಬ ಅರ್ಧ ಕೂಲಿಗೆ ಮಾಡಿಕೊಡುತ್ತಾನೆ. ಅವನು ಕಳ್ಳನೋ ಅಲ್ಲವೋ?"

ಕೇಳಿದವನು ರುದ್ರಮುನಿ. ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದವನು. ಆ ನಕ್ಷೆಗಳನ್ನು ಈಗ ಬೇರೆ ದೇಶದವರು ಬರೆದು ಕಳಿಸುತ್ತಾರೆ, ನೀವಿನ್ನು ಬರಬೇಡಿ ಎಂದು ಅವನಿಗೆ ಹೇಳಿಯಾಗಿತ್ತು. ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆಯೇ, "ಮೊದಲು ಕೂತುಕೋ ಮಾರಾಯ. ಸಿಟ್ಟು ಬಂದವರೆಲ್ಲ ನಿಂತೇ ಇರಬೇಕು ಎಂಬ ನಿಯಮವೇನಿಲ್ಲ," ಎಂದರು. ಅವನು ಕೂತ. ಒಂದು ಹಿಡಿ ಹುಣಸೆಹಣ್ಣನ್ನು ಅವನ ಮುಂದೆಯೂ ತಳ್ಳಿ ಅವರು ಕತೆ ಶುರುಮಾಡಿದರು.

ನದಿ ಕಡಲು ಸೇರುವ ಕಡೆ ಒಂದು ಊರು. ಊರ ತುಂಬ ಕಂಚುಗಾರರು. ದೇವಸ್ಥಾನಕ್ಕಾಗಲಿ, ಹಡಗಿಗಾಗಲಿ, ಅರಮನೆಯ ಬಾಗಿಲಿಗಾಗಲಿ, ಗಂಟೆ ಎಂದರೆ ಆ ಊರಿಂದಲೇ ಹೋಗಬೇಕು. ಅಲ್ಲಿ ಒಂದು ಪದ್ಧತಿ ಇತ್ತು. ಹೊಸ ಗಂಟೆಯನ್ನು ಊರ ನಡುವಿನ ಕಲ್ಲುತೊಲೆಗೆ ತೂಗುಹಾಕುತ್ತಾರೆ. ಹಿರಿಯ ಕಂಚುಗಾರ ಮರದ ಕೊಡತಿಯಿಂದ ಒಂದೇ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಾನೆ. ನಾದ ಪೂರ್ತಿ ನಿಲ್ಲುವ ತನಕ ಊರಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಕೈಯಲ್ಲಿದ್ದ ಕೆಲಸವನ್ನೂ ಬಿಟ್ಟು ನಿಲ್ಲಬೇಕು. ಆಮೇಲೆ ಹಿರಿಯ ಕೈ ಎತ್ತಿದರೆ ಗಂಟೆ ಚೆನ್ನಾಗಿದೆ ಎಂದರ್ಥ. "ಒಡಕು" ಎಂದನೋ, ಮುಗಿಯಿತು. ನೋಡಲು ಎಷ್ಟೇ ಚೆಂದವಿದ್ದರೂ ಅದನ್ನು ಒಡೆದು ಮತ್ತೆ ಕರಗಿಸಬೇಕು. ಆ ಹಿರಿಯ ಕೈ ಎತ್ತದ ಗಂಟೆಯನ್ನು ಯಾವ ಸೀಮೆಯವರೂ ಕೊಳ್ಳುತ್ತಿರಲಿಲ್ಲ.

ನಾದ ಎಷ್ಟು ಹೊತ್ತು ಇರುತ್ತಿತ್ತು? ಒಂದು ವೀಳ್ಯದೆಲೆ ಮಡಿಸಿ ಬಾಯಿಗಿಡುವಷ್ಟು ಹೊತ್ತು. ಅಜ್ಜನ ಕಾಲದಲ್ಲೂ ಅಷ್ಟೇ, ಮೊಮ್ಮಗನ ಕಾಲದಲ್ಲೂ ಅಷ್ಟೇ. ಅದಕ್ಕಿಂತ ಹೆಚ್ಚು ಹೊತ್ತು ಒಂದು ಗಂಟೆ ನುಡಿಯಬಹುದು ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಇತ್ತೀಚೆಗಂತೂ ಊಟದ ಸಮಯ ಹತ್ತಿರವಾದರೆ ಹಿರಿಯನ ಕೈ ನಾದಕ್ಕಿಂತ ಮೊದಲೇ ಮೇಲೇಳುತ್ತಿತ್ತು. ಪಾಪ, ಅವನಿಗೂ ಹೊಟ್ಟೆ ಇದೆಯಲ್ಲ!

ಹೀಗಿರುವಾಗ ಒಬ್ಬ ವ್ಯಾಪಾರಿ ದೂರದ ದ್ವೀಪದಿಂದ ಒಂದು ಗಂಟೆ ತಂದ. ಊರಿನ ಗಂಟೆಯ ಅರ್ಧ ಬೆಲೆಗೆ ಕೊಡುತ್ತೇನೆ ಎಂದ. ಹಿರಿಯ ಕೈ ಎತ್ತದೆ ಅದು ಮಾರಾಟವಾಗುವುದಿಲ್ಲ ಎಂದು ಅವನಿಗೂ ಗೊತ್ತು. "ಇದನ್ನೂ ತೂಗುಹಾಕಿ ನೋಡಿ. ಒಡಕು ಎಂದರೆ ಇಲ್ಲೇ ಒಡೆದುಬಿಡಿ, ನಾನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ," ಎಂದ. ಮರುದಿನ ಬೆಳಿಗ್ಗೆ ನೋಡುವುದೆಂದು ತೀರ್ಮಾನವಾಯಿತು.

ಹಿರಿಯನಿಗೆ ಒಬ್ಬ ಮಗ. ಆಗಷ್ಟೇ ಹೊಸ ಕುಲುಮೆ ಕಟ್ಟಿಸಿದ್ದ. ಅವನು ಬಂದು ಅಪ್ಪನ ಕೈ ಹಿಡಿದುಕೊಂಡ. "ಅಪ್ಪಾ, ಈ ಅಗ್ಗದ ಮಾಲು ಒಂದು ಸಲ ಪೇಟೆಗೆ ಕಾಲಿಟ್ಟರೆ ನಾವೆಲ್ಲ ಬೀದಿಗೆ ಬಿದ್ದಂತೆಯೇ. ನಿನ್ನ ಒಂದು ಮಾತಲ್ಲಿದೆ ಊರಿನ ಅನ್ನ. ಒಡಕು ಅಂದುಬಿಡು," ಎಂದ. ಹಿರಿಯ ಹೂಂ ಎಂದ. ಅವನ ಮನಸ್ಸಲ್ಲೂ ಅದೇ ಇತ್ತು. ಅಲ್ಲದೆ, ಅರ್ಧ ಬೆಲೆಯ ಗಂಟೆ ಒಡಕಿಲ್ಲದೆ ಇರುವುದುಂಟೇ? ಸುಳ್ಳು ಹೇಳುವ ಪ್ರಮೇಯವೇ ಬರಲಿಕ್ಕಿಲ್ಲ ಎಂದುಕೊಂಡು ಹಾಯಾಗಿ ಇದ್ದ.

ಬೆಳಿಗ್ಗೆ ಊರಿಗೆ ಊರೇ ಸೇರಿತು. ದ್ವೀಪದ ಗಂಟೆ ನೋಡಲು ಏನೂ ವಿಶೇಷವಿರಲಿಲ್ಲ. ಬಳ್ಳಿಯಿಲ್ಲ, ಹೂವಿಲ್ಲ, ಬರೀ ಬೋಳು ಕಂಚು. ಕೆಲವರು ನಕ್ಕರು. ಹಿರಿಯ ಕೊಡತಿ ಎತ್ತಿ ಒಂದು ಪೆಟ್ಟು ಕೊಟ್ಟು ಕಣ್ಣು ಮುಚ್ಚಿದ.

ವೀಳ್ಯ ಮಡಿಸುವಷ್ಟು ಹೊತ್ತು ಕಳೆಯಿತು. ನಾದ ನಿಲ್ಲಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡುವಂತಿಲ್ಲ. ಹತ್ತಿರದ ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿಯಿತು. ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಹೋಗಲಿಲ್ಲ. ಅಳುತ್ತಿದ್ದ ಕೂಸು ಅಳು ಮರೆತು ಬಾಯಿ ತೆರೆದುಕೊಂಡೇ ಉಳಿಯಿತು. ನಾದ ಸಣ್ಣದಾಗುತ್ತಿತ್ತು, ಆದರೆ ಸಾಯುತ್ತಿರಲಿಲ್ಲ. ನಿಂತೇಹೋಯಿತು ಎನ್ನುವಾಗ ಕಾಲಡಿಯ ಕಲ್ಲಿನಲ್ಲಿ ಇನ್ನೂ ಇತ್ತು. ಒಡೆಯಲೆಂದು ಸುತ್ತಿಗೆ ಹಿಡಿದು ಬಂದಿದ್ದ ಯುವಕನೊಬ್ಬ ಅದನ್ನು ಸದ್ದಾಗದಂತೆ ಮೆಲ್ಲಗೆ ನೆಲಕ್ಕಿಟ್ಟ. ಇಷ್ಟು ವರ್ಷ ನಾನು ಕೇಳಿದ್ದು ಏನನ್ನು ಹಾಗಾದರೆ ಎಂದು ಹಿರಿಯನಿಗೆ ಅನ್ನಿಸಿತು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

ನಾದ ನಿಂತಿತು. ಹಿರಿಯ ಕಣ್ಣು ಬಿಟ್ಟ. ಎದುರಿಗೆ ಮಗ ನಿಂತಿದ್ದಾನೆ, ಅನ್ನು ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದಾನೆ. ಹಿರಿಯ ಬಾಯಿ ತೆರೆದ. ಒಡಕು ಎನ್ನದೆ ಮತ್ತೆ ಮುಚ್ಚಿದ. ಅವನು ಕೈ ಎತ್ತಿದ.

ಅಯ್ಯಯ್ಯೋ, ಆಗ ಎದ್ದ ಗದ್ದಲ ಕೇಳಬೇಡ! "ಮನೆಗೆ ಬೆಂಕಿ ಇಟ್ಟೆಯಲ್ಲಪ್ಪಾ!" ಎಂದು ಮಗ ಕೂಗಿದ. ಹಿರಿಯ ಮೆಲ್ಲಗೆ ಹೇಳಿದ, "ಇದನ್ನು ಒಡಕು ಎಂದ ಬಾಯಿಂದ ನಾಳೆ ನಿನ್ನ ಗಂಟೆ ಚೆನ್ನಾಗಿದೆ ಎಂದರೆ ಯಾರು ನಂಬುತ್ತಾರೆ ಮಗನೇ?" ಮಾತು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತಿನಿಂದ ಅನ್ನ ಬೇಯುವುದಿಲ್ಲ. ವ್ಯಾಪಾರಿ ಹಡಗು ತುಂಬ ಗಂಟೆ ತಂದ. ಊರಿನ ಗಂಟೆಯನ್ನು ಕೇಳುವವರೇ ಇಲ್ಲವಾದರು. ಒಂದೊಂದಾಗಿ ಕುಲುಮೆಗಳು ಆರಿದವು. ಎರಕ ಹೊಯ್ಯುತ್ತಿದ್ದ ಕೈಗಳು ಬಂದರಿನಲ್ಲಿ ಮೂಟೆ ಹೊತ್ತವು. ಮಗನೂ ಹೊತ್ತ. ಅಪ್ಪನ ಜೊತೆ ಮಾತು ಬಿಟ್ಟ.

ಹಿರಿಯನಿಗೆ ಒಂದೇ ಯೋಚನೆ ಹಿಡಿಯಿತು. ಏನೋ ಒಂದು ಮೋಸ ಇರಲೇಬೇಕು. ಕಂಚಿಗೆ ಏನೋ ಬೆರೆಸುತ್ತಾರೆ, ಅದನ್ನು ಕಂಡುಹಿಡಿದು ಬಂದರೆ ಮಗನ ಕುಲುಮೆ ಮತ್ತೆ ಹೊತ್ತುತ್ತದೆ. ಹೀಗೆಂದುಕೊಂಡು ಅವನು ವ್ಯಾಪಾರಿಯ ಹಡಗನ್ನೇ ಹತ್ತಿದ. ವ್ಯಾಪಾರಿಗೆ ಅದು ಅಷ್ಟೇನೂ ಇಷ್ಟವಾಗಲಿಲ್ಲ. ಆದರೆ ಕೈ ಎತ್ತಿದ ಮನುಷ್ಯನಿಗೆ ಬೇಡ ಎನ್ನುವುದು ಹೇಗೆ?

ದ್ವೀಪದಲ್ಲಿ ಇಳಿದಾಗ ಮೊದಲು ಕಂಡದ್ದು ಎರಕದ ಮನೆಯ ಹಿಂದಿನ ಗುಡ್ಡೆ. ಒಡೆದ ಗಂಟೆಗಳ ಗುಡ್ಡೆ, ಮನೆಯ ಸೂರಿಗಿಂತ ಎತ್ತರ. ಹಿರಿಯ ಒಳಗೊಳಗೇ ಹಿಗ್ಗಿದ. ಇಷ್ಟೊಂದು ಒಡಕು ಮಾಡುತ್ತಾರಲ್ಲ, ಇವರೆಂಥ ಕಂಚುಗಾರರು! ಒಂದು ಚೂರನ್ನು ಎತ್ತಿ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದ. ಮುಖ ಬಿಳುಪೇರಿತು. ಅದರಲ್ಲಿ ಕುಂದು ಎಂಬುದೇ ಇರಲಿಲ್ಲ. ಇನ್ನೊಂದನ್ನು ತಟ್ಟಿದ, ಮತ್ತೊಂದನ್ನು ತಟ್ಟಿದ. ಅವನ ಊರಲ್ಲಾದರೆ ಯಾವುದೇ ಒಂದಕ್ಕೆ ಹಬ್ಬ ಮಾಡುತ್ತಿದ್ದರು. ಇಲ್ಲಿ ಒಡೆದು ಎಸೆದಿದ್ದರು.

ಎರಕದ ಮನೆಯ ಯಜಮಾನಿ ಒಬ್ಬ ಮುದುಕಿ. ಮೊಣಕೈ ತನಕ ಸುಟ್ಟ ಕಲೆ. ಹಡಗಿನವರ ಹರಕುಮುರುಕು ಭಾಷೆ ಇಬ್ಬರಿಗೂ ಬರುತ್ತಿತ್ತು. ಬಂದವನು ಯಾವ ಊರಿನವನು ಎಂದು ತಿಳಿದದ್ದೇ ತಡ, ಅವಳು ಮಸಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಅವನ ಕಾಲಿಗೆ ಬಿದ್ದಳು. ಕುಲುಮೆಯ ಹತ್ತಿರ ಇದ್ದವರೆಲ್ಲ ಎದ್ದು ನಿಂತರು.

"ಅಯ್ಯಾ," ಎಂದಳು ಅವಳು, "ನಿಮ್ಮ ಊರಿನ ವಿಷಯವನ್ನು ನನ್ನ ಅಪ್ಪನ ಕಾಲದಿಂದಲೂ ಹಡಗಿನವರು ಹೇಳುತ್ತಾ ಬಂದಿದ್ದಾರೆ. ಗಂಟೆಗೆ ಒಂದು ಪೆಟ್ಟು ಬಿದ್ದರೆ ನಾದ ನಿಲ್ಲುವ ತನಕ ಊರಿಗೆ ಊರೇ ಕೆಲಸ ಬಿಟ್ಟು, ಬಾಯಿ ಕಟ್ಟಿಕೊಂಡು ನಿಲ್ಲುತ್ತದಂತೆ. ಊರೇ ಹಾಗೆ ನಿಲ್ಲಬೇಕಾದರೆ ಆ ನಾದ ಎಷ್ಟು ಹೊತ್ತು ಇರಬೇಕು! ನನ್ನ ಅಪ್ಪ ಅದನ್ನೇ ನೆನೆಸಿಕೊಂಡು ಎರಕ ಹೊಯ್ದ. ನಾದ ಚಿಕ್ಕದಾಯಿತು ಎಂದು ಒಡೆದ. ಮತ್ತೆ ಹೊಯ್ದ. ನಾನೂ ಅದನ್ನೇ ಮಾಡುತ್ತಾ ಬಂದೆ. ನಿಮ್ಮ ಊರಿನ ಗಂಟೆಗೆ ಇದು ಸಮ ಆಗಿಲ್ಲ, ಅದಕ್ಕೇ ಅರ್ಧ ಬೆಲೆ ಎಂದು ವ್ಯಾಪಾರಿ ಪ್ರತಿ ಸಲ ಹೇಳುತ್ತಾನೆ. ನೀವಾದರೂ ಹೇಳಿ, ನಾವು ಇನ್ನೂ ಎಷ್ಟು ದೂರ ಬರಬೇಕು?"

ಹಿರಿಯ ತಿರುಗಿ ವ್ಯಾಪಾರಿಯನ್ನು ನೋಡಿದ. ವ್ಯಾಪಾರಿ ಕಡಲು ನೋಡುತ್ತಿದ್ದ.

ಎಂಥ ಮಾತು ಕೇಳಿದಳು ನೋಡು! ಬಹಳ ದೂರ ಇದೆ ತಾಯಿ ಎಂದರೆ ಸಾಕು. ಅವಳು ಇದ್ದದ್ದನ್ನೆಲ್ಲ ಒಡೆದುಹಾಕುತ್ತಾಳೆ, ವ್ಯಾಪಾರಿಯ ಹಡಗು ಬರಿದಾಗಿ ಹೋಗುತ್ತದೆ, ಮಗ ಮೂಟೆ ಇಳಿಸಿ ಕುಲುಮೆಗೆ ಬರುತ್ತಾನೆ, ಅಪ್ಪಾ ಎನ್ನುತ್ತಾನೆ. ಆ ಅಪ್ಪಾ ಎಂಬ ಮಾತಿಗಾಗಿ ಅವನು ಕಡಲು ದಾಟಿ ಬಂದಿದ್ದ. ಅವನು ಅವಳ ಕೈಯ ಕಲೆ ನೋಡಿದ, ಆಚೆಯ ಗುಡ್ಡೆ ನೋಡಿದ. ಇವರು ಒಂದು ಜೀವಮಾನವಿಡೀ ಸಮ ಆಗಲು ಹೆಣಗಿದ ಆ ಗಂಟೆ ಅವನ ಊರಲ್ಲಿ ಎಂದೂ ಇರಲಿಲ್ಲ. ಯಾವ ಊರಲ್ಲೂ ಇರಲಿಲ್ಲ. ಇಲ್ಲದ ಗಂಟೆಯ ನಾದವನ್ನು ಮನಸ್ಸಲ್ಲೇ ಕೇಳಿ ಇವರು ಕಂಚಿನಲ್ಲಿ ತಂದಿದ್ದರು. ಅವನು ಅವಳ ಎದುರಿಗೆ ನೆಲದ ಮೇಲೆ ಕೂತುಬಿಟ್ಟ.

"ತಾಯೀ, ನೀವು ನಮ್ಮನ್ನು ದಾಟಿ ಹೋಗಿ ಎಷ್ಟು ಕಾಲವಾಯಿತೋ," ಎಂದ.

ಅವಳು ಹಿಗ್ಗಲಿಲ್ಲ. ಹೆದರಿದಳು. "ಹಾಗಾದರೆ ನಮ್ಮ ಮುಂದೆ ಯಾರೂ ಇಲ್ಲವೇ?" ಎಂದು ಮೆಲ್ಲಗೆ ಕೇಳಿದಳು. ಅವನು ಕೈ ಮುಗಿದು, ನನಗೂ ಕಲಿಸಿಕೊಡಿ ಎಂದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ರುದ್ರಮುನಿ ಕೈಯಲ್ಲಿದ್ದ ಹುಣಸೆಹಣ್ಣನ್ನು ಬಿಡಿಸುವುದನ್ನೇ ಮರೆತಿದ್ದ.

"ಆಮೇಲೆ? ಊರಿನ ಕುಲುಮೆಗಳು ಮತ್ತೆ ಹೊತ್ತಿದವೇ?"

"ಕೆಲವು ಹೊತ್ತಿದವು. ತಮ್ಮ ಯೋಗ್ಯತೆ ತಿಳಿದ ಮೇಲೆ ದ್ವೀಪದವರು ಅರ್ಧ ಬೆಲೆಗೆ ಕೊಡುವುದನ್ನು ನಿಲ್ಲಿಸಿದರು. ಹಿರಿಯ ಒಂದು ಮಳೆಗಾಲ ಅಲ್ಲೇ ಇದ್ದು ಕಲಿತು ಬಂದ, ಮಗನಿಗೂ ಕಲಿಸಿದ. ಕೆಲವು ಕುಲುಮೆಗಳು ಮಾತ್ರ ಹೊತ್ತಲೇ ಇಲ್ಲ. ನಿನ್ನನ್ನು ಸಮಾಧಾನ ಮಾಡಲು ಸುಳ್ಳು ಯಾಕೆ ಹೇಳಲಿ?"

ರುದ್ರಮುನಿ ಮುಂದಕ್ಕೆ ಜರುಗಿದ. "ಹಾಗಾದರೆ ಆ ಊರಿನ ಕೆಲಸವನ್ನು ಕಸಿದವರು ಯಾರು ಗುರುಗಳೇ? ವ್ಯಾಪಾರಿಯೋ, ದ್ವೀಪದವರೋ?"

ಗುರುಗಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದರು.

"ಆ ಊರಿನ ಗಂಟೆಗೆ ಸಮನಾದದ್ದು ಲೋಕದಲ್ಲೇ ಇಲ್ಲ ಎಂದು ದ್ವೀಪದವರೂ ನಂಬಿದ್ದರು, ಊರಿನವರೂ ನಂಬಿದ್ದರು, ನಂಬಿ ಅವರು ಎದ್ದರು, ನಂಬಿ ಇವರು ಮಲಗಿದರು."

ರುದ್ರಮುನಿ ಕೈಯಲ್ಲಿದ್ದ ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದ.