ಎರಡರಷ್ಟು ತೂಗಿದ ಅಲಸಂದೆ

ಸರ್ಕಾರಿ ದನದ ಫಾರಂನಲ್ಲಿ ಬೇಸಿಗೆ ಮೇವಿಗೆ ಅಲಸಂದೆ ಬೆಳೆದಿದ್ದರು. ದನಗಳಿಗೆ ಮೇವು ಹಾಕುವುದು, ಸಾಹೇಬರು ಬಂದರೆ ಅಡುಗೆ ಮಾಡುವುದು, ಎರಡೂ ಹನುಮಕ್ಕನ ಕೆಲಸ.

"ಹೂ ಬಿಟ್ಟಿದೆ, ಈಗಲೇ ಕೊಯ್ಯೋಣ ಸಾರ್. ಸತ್ವವೆಲ್ಲ ಎಲೆಯಲ್ಲಿರುತ್ತೆ," ಎಂದಳು.

"ಇನ್ನೊಂದು ತಿಂಗಳು ಬಿಟ್ಟರೆ ಎರಡರಷ್ಟು ತೂಗುತ್ತೆ. ವರದಿಗೆ ತೂಕ ಬೇಕು. ದನಕ್ಕೇನು, ಹೊಟ್ಟೆ ತುಂಬಿದರೆ ಸಾಕು," ಎಂದರು ಸಾಹೇಬರು.

ತಿಂಗಳು ಕಳೆಯುವಷ್ಟರಲ್ಲಿ ಎಲೆ ಉದುರಿ ದಂಟು ಬಲಿತಿತ್ತು. ಅದನ್ನು ತಿಂದ ಹಸುಗಳ ಹಾಲು ಅರ್ಧಕ್ಕಿಳಿಯಿತು. ಸಾಹೇಬರು ಜೀಪಿನಲ್ಲಿ ಬಂದಿಳಿದರು.

"ನಿನಗೆ ಮೇವು ಹಾಕೋಕೆ ಬರಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ. ಈಗ ಊಟ ಹಾಕು. ಹೋದ ಸಲ ಮಾಡಿದ್ದೆಯಲ್ಲ, ಅಲಸಂದೆ ಸೊಪ್ಪಿನ ಪಲ್ಯ, ಅದೇ ಇರಲಿ."

ಹನುಮಕ್ಕ ಅದೇ ಹೊಲದ ಬಲಿತ ದಂಟನ್ನೇ ಕಿತ್ತು ತಂದು, ಹೆಚ್ಚಿ, ಒಗ್ಗರಣೆ ಕೊಟ್ಟು ಬಡಿಸಿದಳು. ಸಾಹೇಬರು ಅಗಿದರು. ಇನ್ನೂ ಅಗಿದರು. ಕೊನೆಗೆ ನಾರನ್ನು ಎಳೆದೆಳೆದು ತಟ್ಟೆಯಂಚಿಗೆ ಗುಡ್ಡೆ ಹಾಕಿದರು.

"ಇದನ್ನ ಯಾರು ತಿಂತಾರೆ?"

"ಹೋದ ಸಲಕ್ಕಿಂತ ಎರಡರಷ್ಟು ಬಡಿಸಿದೀನಿ ಸಾರ್," ಎಂದಳು ಹನುಮಕ್ಕ. ಆಮೇಲೆ ಬಗ್ಗಿ ತಟ್ಟೆ ನೋಡಿದಳು. "ಹಸುಗಳೂ ಗೋದಲಿಯಲ್ಲಿ ಇದನ್ನೇ ಬಿಟ್ಟಿವೆ."

ಸಾಹೇಬರು ಮತ್ತೆ ಕೆಲಸ ಬಿಡಿಸುವ ಮಾತೆತ್ತಲಿಲ್ಲ. ಹಲ್ಲುಕಡ್ಡಿ ಇದೆಯಾ ಎಂದಷ್ಟೇ ಕೇಳಿದರು.